ಹೊಸಬರಿಗೆ ಒಂದು ಭಾನುವಾರ ಊರು ತೋರಿಸಿ

ಮಾನ್ಯ ಸಂಪಾದಕರೇ,

ನಾನು ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಹಳ್ಳಿಯವಳು. ಈ ವರ್ಷ ಮಂಗಳೂರಿನ ಕಾಲೇಜೊಂದರಲ್ಲಿ ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ನಮ್ಮ ಮನೆತನದಲ್ಲಿ ಡಿಗ್ರಿಗೆ ಬಂದವಳು ನಾನೇ ಮೊದಲು. ಬಂದು ಮೂರು ತಿಂಗಳ ಮೇಲಾಯಿತು. ಈಗ ಕಂಕನಾಡಿಗೆ ಹೇಗೆ ಹೋಗುವುದು ಅಂತ ಯಾರಾದರೂ ಕೇಳಿದರೆ ನಾನೇ ದಾರಿ ಹೇಳುತ್ತೇನೆ. ಆದರೆ ಮೊದಲ ತಿಂಗಳು ಪಟ್ಟ ಪಾಡು ಇನ್ನೂ ಮನಸ್ಸಿನಲ್ಲಿದೆ. ಅದು ಮರೆತುಹೋಗುವ ಮುಂಚೆ ಬರೆಯುತ್ತಿದ್ದೇನೆ. ಮುಂದಿನ ವರ್ಷವೂ ನನ್ನಂಥವರು ಬ್ಯಾಗು ಹೊತ್ತುಕೊಂಡು ಈ ಊರಿಗೆ ಬಂದಿಳಿಯುತ್ತಾರೆ, ಅಲ್ವಾ?

ನನ್ನ ಕೋರಿಕೆ ಒಂದೇ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಕಾಲೇಜಿನವರು ಒಂದು ಭಾನುವಾರ ಊರು ತೋರಿಸಬೇಕು. ನಡೆಸಿಕೊಂಡು ಹೋಗಿ, ಬಸ್ಸು ಹತ್ತಿಸಿ, ಇಳಿಸಿ, ಕಣ್ಣಾರೆ ತೋರಿಸಬೇಕು.

ನನ್ನನ್ನು ಬಿಡಲು ಅಪ್ಪ ಬಂದಿದ್ದರು. ಸಂಜೆ ಗದಗದಲ್ಲಿ ವಿಜಯಪುರ–ಮಂಗಳೂರು ರೈಲು ಹತ್ತಿದೆವು. ಸಕಲೇಶಪುರ ದಾಟಿದ ಮೇಲೆ ಸುರಂಗದ ಹಿಂದೆ ಸುರಂಗ. ಘಾಟಿಯಲ್ಲಿ ಒಟ್ಟು 57 ಸುರಂಗ ಇವೆ ಅಂತ ಪಕ್ಕದ ಸೀಟಿನವರು ಹೇಳಿದರು. ಅಪ್ಪ ಎಣಿಸಲು ಶುರು ಮಾಡಿ ಇಪ್ಪತ್ತರ ಹೊತ್ತಿಗೆ ನಿದ್ದೆ ಹೋದರು. ಮಂಗಳೂರು ಜಂಕ್ಷನ್‌ನಲ್ಲಿ ಇಳಿದಾಗ ಮಳೆ ಹೇಗೆ ಹೊಡೆಯುತ್ತಿತ್ತು ಎಂದರೆ ಎದುರು ನಿಂತ ಆಟೋ ಕಾಣುತ್ತಿರಲಿಲ್ಲ. ನಮ್ಮ ಕಡೆ ವರ್ಷವಿಡೀ ಬಿದ್ದರೂ 600 ಮಿಲಿಮೀಟರ್ ಆಸುಪಾಸು. ಇಲ್ಲಿ 3,500 ಮಿಲಿಮೀಟರ್‌ಗೂ ಜಾಸ್ತಿ. ಅಪ್ಪ ಹಾಸ್ಟೆಲ್‌ನಲ್ಲಿ ಸಾಮಾನು ಇಳಿಸಿ, ನೂರರ ಐದು ನೋಟು ಕೈಯಲ್ಲಿಟ್ಟು, ಅದೇ ದಿನದ ರೈಲಿಗೆ ವಾಪಸ್ ಹೊರಟರು. ಕಡಲೆ ಬಿತ್ತನೆಗೆ ಹೊಲ ಹದ ಮಾಡುವುದಿತ್ತು. ಹೋಗುವಾಗ ಹೇಳಿದ್ದು ಇಷ್ಟೇ: "ಬಾಯಿ ಇದ್ದವ ಬರಗಾಲದಾಗೂ ಬದುಕಿದನಂತ. ಕೇಳಾಕ ನಾಚಬ್ಯಾಡವಾ."

ನಾನು ನಾಚಲಿಲ್ಲ. ಆದರೆ ಏನು ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಹೊಸಬರ ಕಷ್ಟ ಇದೇ.

ಕಾಲೇಜಿನಲ್ಲಿ ಮೊದಲ ಎರಡು ದಿನ ಓರಿಯಂಟೇಶನ್ ಇತ್ತು. ದೊಡ್ಡ ಸಭಾಂಗಣ, ಪರದೆ ಮೇಲೆ ಸ್ಲೈಡು. ಕಾಲೇಜಿನ ಇತಿಹಾಸ ಹೇಳಿದರು, ರ್‍ಯಾಂಕ್ ಬಂದವರ ಫೋಟೊ ತೋರಿಸಿದರು, ಹಾಜರಾತಿಯ ನಿಯಮ, ಕ್ರೆಡಿಟ್ ಲೆಕ್ಕ ಎಲ್ಲ ವಿವರಿಸಿದರು. ಹೇಳಿದವರೆಲ್ಲ ಒಳ್ಳೆಯ ಮೇಷ್ಟ್ರುಗಳೇ, ಪ್ರೀತಿಯಿಂದಲೇ ಮಾತಾಡಿದರು. ಆದರೆ ಎರಡನೇ ದಿನ ಸಭಾಂಗಣದಿಂದ ಹೊರಗೆ ಬಂದಾಗ ಹುಡುಗಿಯರ ಶೌಚಾಲಯ ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹಾವೇರಿಯ ಹುಡುಗಿಗೂ ಗೊತ್ತಿರಲಿಲ್ಲ. ಇಬ್ಬರೂ ಮಧ್ಯಾಹ್ನದವರೆಗೆ ನೀರು ಕುಡಿಯದೆ ಕೂತಿದ್ದೆವು.

ಲೈಬ್ರರಿ ಸಿಕ್ಕಿದ್ದು 19ನೇ ದಿನಕ್ಕೆ. ಇದು ಗುಡ್ಡದ ಊರು. ನಮ್ಮ ಕಾಲೇಜೂ ಇಳಿಜಾರಿನಲ್ಲಿದೆ. ರಸ್ತೆಯಿಂದ ನೇರ ಒಳಗೆ ಕಾಲಿಟ್ಟರೆ ಅದು ನೆಲ ಅಂತಸ್ತು ಅಂತ ನಾನು ತಿಳಿದಿದ್ದೆ. ಅದು ಮೂರನೇ ಅಂತಸ್ತು. ಕೆಳಗೆ ಇನ್ನೂ ಎರಡು ಅಂತಸ್ತು ಇದೆ, ಅಲ್ಲಿಗೆ ಹಿಂದಿನ ಮೆಟ್ಟಿಲಿನಿಂದ ಇಳಿಯಬೇಕು. ಲೈಬ್ರರಿ ಅಲ್ಲಿ. ಸ್ಕಾಲರ್‌ಶಿಪ್ ಅರ್ಜಿ ತೆಗೆದುಕೊಳ್ಳುವ ಕಿಟಕಿಯೂ ಅಲ್ಲಿಯೇ. ನಾನು 19 ದಿನ ಆ ಕಟ್ಟಡದ ಮೇಲೆಯೇ ಓಡಾಡಿದ್ದೇನೆ. ಕೆಳಗೆ ಒಂದು ಲೋಕ ಇದೆ ಅಂತ ಗೊತ್ತಿರಲಿಲ್ಲ. ನಮ್ಮ ರೋಣದ ಕಡೆ ಎರೆ ಭೂಮಿ, ಅಂಗೈ ಹಾಗೆ ಸಪಾಟು. ರಸ್ತೆಯಲ್ಲಿ ನಿಂತರೆ ಮುಂದಿನ ಊರಿನ ಗುಡಿಯ ಶಿಖರ ಕಾಣುತ್ತದೆ. ಇಲ್ಲಿ ಐವತ್ತು ಹೆಜ್ಜೆ ಆಚೆ ಏನಿದೆ ಅಂತ ಕಾಣುವುದಿಲ್ಲ. ದಾರಿ ಕೇಳಿದರೆ ಪೂರ್ವಕ್ಕೆ ಪಶ್ಚಿಮಕ್ಕೆ ಅನ್ನುವುದಿಲ್ಲ, "ಹೀಗೇ ಮೇಲೆ ಹೋಗಿ, ಮತ್ತೆ ಕೆಳಗೆ ಇಳೀರಿ" ಅನ್ನುತ್ತಾರೆ. ಕಾಲಿಗೆ ಅಭ್ಯಾಸ ಆಗುವವರೆಗೆ ಆ ಮಾತು ತಲೆಗೆ ಹತ್ತುವುದಿಲ್ಲ.

ಇನ್ನು ಬಸ್ಸಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ಶನಿವಾರ ಬಕೆಟ್, ಹಗ್ಗ, ಕೊಡೆ ತರಬೇಕಿತ್ತು. ಹಾಸ್ಟೆಲ್‌ನ ಅಡುಗೆ ಅಕ್ಕ "ಸ್ಟೇಟ್ ಬ್ಯಾಂಕಿಗೆ ಹೋಗು, ಎಲ್ಲ ಉಂಟು ಅಲ್ಲಿ" ಅಂದರು. ನಮ್ಮ ಹಾಸ್ಟೆಲ್‌ನಿಂದ ಸ್ವಲ್ಪ ದೂರದಲ್ಲಿ ಸ್ಟೇಟ್ ಬ್ಯಾಂಕಿನ ಒಂದು ಶಾಖೆ ಇದೆ. ಅದರ ಎದುರು ಹೋಗಿ ನಿಂತೆ. ಅಲ್ಲಿ ಬಕೆಟ್ ಅಂಗಡಿಯೂ ಇಲ್ಲ, ಏನೂ ಇಲ್ಲ. ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತೆ. ಮಂಗಳೂರಿನಲ್ಲಿ ಸ್ಟೇಟ್ ಬ್ಯಾಂಕ್ ಅಂದರೆ ಸಿಟಿ ಬಸ್ಸುಗಳೆಲ್ಲ ಬಂದು ಸೇರುವ ಜಾಗ, ಅದು ಬಂದರಿನ ಹತ್ತಿರ ಇದೆ, ಪಕ್ಕದಲ್ಲೇ ಮೀನಿನ ಮಾರ್ಕೆಟ್ಟು, ಸುತ್ತ ಅಂಗಡಿ ಅಂತ ನನಗೆ ಹೇಗೆ ತಿಳಿಯಬೇಕು? ಇಲ್ಲಿ ಹುಟ್ಟಿದವರಿಗೆ ಅದು ಹೇಳಬೇಕಾದ ವಿಷಯವೇ ಅಲ್ಲ. ಹಾಗೆಯೇ ಜ್ಯೋತಿ ಅಂದರೆ ಟಾಕೀಸಿನಿಂದ ಬಂದ ಹೆಸರು. ಪಂಪ್‌ವೆಲ್ ಅಂದರೆ ಬಾವಿಯಿಂದ ಬಂದದ್ದು. ಹೆಸರಿನ ಹಿಂದೆ ಹೋದರೆ ಆ ವಸ್ತು ಸಿಗುವುದಿಲ್ಲ, ಜಾಗ ಮಾತ್ರ ಸಿಗುತ್ತದೆ.

ಮುಂದಿನ ವಾರ ಬಸ್ಸು ಹತ್ತಿದೆ. ಕಂಡಕ್ಟರ್ ಅಣ್ಣ ಹತ್ತಿರ ಬಂದು "ಓಡೆಗ್?" ಅಂದರು. ನನ್ನ ಕಿವಿಗೆ ಬಿದ್ದದ್ದು "ಓಡು" ಅಂತ. ತಪ್ಪು ಬಸ್ಸು ಹತ್ತಿದ್ದೇನೆ, ಇಳಿದು ಓಡು ಅನ್ನುತ್ತಿದ್ದಾರೆ ಅಂದುಕೊಂಡೆ. ಕೈ ನಡುಗಿತು. ಎಲ್ಲಿಗೆ ಅನ್ನುವುದಕ್ಕೆ ತುಳುವಿನಲ್ಲಿ ಓಡೆಗ್ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು. ಟಿಕೆಟ್ ಕೇಳಿದಾಗ ಆಧಾರ್ ಕಾರ್ಡ್ ತೆಗೆದು ತೋರಿಸಿದೆ. 2023ರ ಜೂನ್‌ನಿಂದ ನಮ್ಮ ಕಡೆ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಓಡಾಡುತ್ತಾರೆ. ಪಿಯುಸಿಗೆ ರೋಣಕ್ಕೆ ಹೋಗಿಬಂದದ್ದೆಲ್ಲ ನಾನು ಹಾಗೆಯೇ. ಇಲ್ಲಿ ಸಿಟಿಯಲ್ಲಿ ಓಡುವ ಬಸ್ಸುಗಳು ಹೆಚ್ಚಿನವು ಖಾಸಗಿ, ಅವುಗಳಲ್ಲಿ ಆ ಕಾರ್ಡು ನಡೆಯುವುದಿಲ್ಲ. ನನ್ನ ಹತ್ತಿರ ಅಂದು ಚಿಲ್ಲರೆ ಇರಲಿಲ್ಲ, ನೂರರ ನೋಟು ಹಾಸ್ಟೆಲ್‌ನಲ್ಲಿ ಬಿಟ್ಟಿದ್ದೆ. ಹಿಂದಿನ ಸೀಟಿನಲ್ಲಿ ಮೀನಿನ ಖಾಲಿ ಬುಟ್ಟಿ ಕಾಲಡಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ನನ್ನ ಟಿಕೆಟ್ಟಿನ ದುಡ್ಡು ಕೊಟ್ಟರು. ಏನೋ ಹೇಳಿದರು, ತುಳುವಿನಲ್ಲಿ. ಅರ್ಥ ಆಗಲಿಲ್ಲ. ಇಳಿಯುವಾಗ ತಿರುಗಿ ನೋಡಿದೆ, ಅವರು ಕೈ ಬೀಸಿದರು. ಆ ಅಜ್ಜಿಯ ಋಣ ನನ್ನ ಮೇಲೆ ಇನ್ನೂ ಇದೆ. ಆಮೇಲೆ ಆ ಬಸ್ಸಿನಲ್ಲಿ ಹೋದಾಗಲೆಲ್ಲ ಹಿಂದಿನ ಸೀಟು ನೋಡುತ್ತೇನೆ.

ಮಳೆ ರಜೆಯಲ್ಲೂ ಒಮ್ಮೆ ಪೆಟ್ಟು ತಿಂದೆ. ಜೋರು ಮಳೆ ಇದ್ದರೆ ಇಲ್ಲಿ ಜಿಲ್ಲಾಡಳಿತ ರಜೆ ಕೊಡುತ್ತದೆ. ಬೆಳಿಗ್ಗೆ ಫೋನಿಗೆ ಮೆಸೇಜು ಬಂತು, ಎಲ್ಲರೂ "ರಜೆ ರಜೆ" ಅಂದರು, ನಾನು ಹೊದ್ದು ಮಲಗಿದೆ. ಆ ರಜೆ ಅಂಗನವಾಡಿಯಿಂದ ಪಿಯುಸಿವರೆಗೆ ಮಾತ್ರ, ಡಿಗ್ರಿಗೆ ಇರಲಿಲ್ಲ. ಅಂದು ಅಕೌಂಟೆನ್ಸಿ ಟೆಸ್ಟ್ ಇತ್ತು. ನನಗೆ ಸೊನ್ನೆ. ಮೆಸೇಜನ್ನು ಕೊನೆಯ ಸಾಲಿನವರೆಗೆ ಓದಬೇಕು ಅಂತ ಯಾರಾದರೂ ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು.

ಅಂದು ಸಂಜೆ ಕಾಲೇಜಿನ ಹಿಂದಿನ ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದೆ. ಎರಡನೇ ವರ್ಷದ ಅಕ್ಕ ಒಬ್ಬರು ಬಂದರು. ಬಂಟ್ವಾಳದ ಕಡೆಯವರು. "ಎಂತಾಯ್ತು? ಊಟ ಮಾಡಿದ್ಯಾ?" ಅಂತ ಕೇಳಿದರು. ನಾನು ಎಲ್ಲ ಹೇಳಿದೆ. ಅವರು ನಗಲಿಲ್ಲ. "ಅಷ್ಟಕ್ಕೆಲ್ಲ ಅಳ್ಲಿಕ್ಕಿಲ್ಲ ಮಾರಾಯ್ತಿ. ಭಾನುವಾರ ಬಾ, ನಾನು ತೋರಿಸ್ತೇನೆ. ಕೊಡೆ ಮರೀಬೇಡ" ಅಂದರು.

ಸಂಪಾದಕರೇ, ಆ ಒಂದು ಭಾನುವಾರದಿಂದ ನನಗೆ ಈ ಊರು ಸಿಕ್ಕಿತು.

ಅಕ್ಕ ಮೊದಲು ಕರೆದುಕೊಂಡು ಹೋದದ್ದು ಊರಿಗಲ್ಲ, ನಮ್ಮದೇ ಕಾಲೇಜಿನ ಹಿಂಭಾಗಕ್ಕೆ. ಅಲ್ಲಿ ಹಳೆಯ ಕಟ್ಟಡದ ಮಾಡಿನಿಂದ ಇಳಿಸಿದ ಹಂಚುಗಳನ್ನು ಮುರಕಲ್ಲಿನ ಗೋಡೆಗೆ ಒರಗಿಸಿ ಇಟ್ಟಿದ್ದರು. ಮೇಲೆಲ್ಲ ಪಾಚಿ. ಅಕ್ಕ ಒಂದನ್ನು ಎತ್ತಿ ಮಗುಚಿ, ಹೆಬ್ಬೆರಳಿನಿಂದ ಉಜ್ಜಿದರು. ಹಸಿರಿನ ಕೆಳಗಿನಿಂದ ಇಂಗ್ಲಿಷ್ ಅಕ್ಷರ ಒಂದೊಂದಾಗಿ ಎದ್ದು ಬಂದವು. ಬಾಸೆಲ್ ಮಿಷನ್ ಅಂತ ಇತ್ತು, ಅದು ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಷನರಿಗಳ ಸಂಸ್ಥೆ. ಜತೆಗೆ 1865 ಅಂತ ಇಸವಿ. ಬಾಸೆಲ್ ಮಿಷನ್‌ನವರು ಇಲ್ಲೇ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯಲ್ಲಿ, ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಹೊಳೆಯ ಜೇಡಿಮಣ್ಣಿನಿಂದ ಸುಟ್ಟ ಹಂಚು. ಅಕ್ಷರಗಳು ನಿನ್ನೆ ಒತ್ತಿದ ಹಾಗಿದ್ದವು. ಬೆರಳು ಇಟ್ಟರೆ ಅಂಚು ತಾಗುತ್ತಿತ್ತು.

ನಮ್ಮ ಊರಿನಲ್ಲಿ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಹಂಚು ಹೊದಿಸಿದ್ದು ಸರ್ಕಾರಿ ಶಾಲೆಗೆ ಮಾತ್ರ. ಅದಕ್ಕೆ ನಮ್ಮ ಕಡೆ ಮಂಗಳೂರು ಹಂಚು ಅಂತಲೇ ಹೆಸರು. ಏಳು ವರ್ಷ ನಾನು ಅದರ ಕೆಳಗೆ ಕೂತು ಮಗ್ಗಿ ಕಲಿತಿದ್ದೇನೆ. ಹಂಚಿನ ಸಂದಿಯಿಂದ ಬಿಸಿಲಿನ ಚುಕ್ಕೆ ಸ್ಲೇಟಿನ ಮೇಲೆ ಬೀಳುತ್ತಿತ್ತು. ಇಷ್ಟು ವರ್ಷ ಮಂಗಳೂರು ಅನ್ನುವ ಮಾತು ನನಗೆ ಹಂಚಿನ ಹೆಸರು ಅಷ್ಟೇ ಆಗಿತ್ತು. ಆ ಹಂಚು ಹುಟ್ಟಿದ ಊರಿನಲ್ಲಿ ನಿಂತಿದ್ದೇನೆ ಅನಿಸಿದಾಗ ಮೈ ಜುಂ ಅಂತು. ಅಂದು ರಾತ್ರಿ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೂ ಇದನ್ನೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನೀ ಪರ ಊರಿಗೆ ಹೋಗಿಲ್ಲ ಬಿಡು" ಅಂದರು.

ಆಮೇಲೆ ಹಂಪನಕಟ್ಟೆಗೆ ಹೋಗಿ, ಅಲ್ಲಿಂದ ಬಾವುಟಗುಡ್ಡೆ ಹತ್ತಿದೆವು. ಏರು ಜೋರು, ಆದರೆ ಹತ್ತಿದರೆ ಗಾಳಿ. 1837ರಲ್ಲಿ ಅಮರ ಸುಳ್ಯದಿಂದ ಬಂದ ರೈತರ ದಂಡು ಕಂಪನಿ ಸರ್ಕಾರವನ್ನು ಓಡಿಸಿ ಬಾವುಟ ಹಾರಿಸಿದ್ದು ಈ ಗುಡ್ಡೆಯ ಮೇಲೆ. 13 ದಿನ ಊರು ಅವರ ಕೈಯಲ್ಲಿತ್ತು. ಆ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲಿದೆ. ಪಕ್ಕದಲ್ಲೇ ನಗರ ಕೇಂದ್ರ ಗ್ರಂಥಾಲಯ. ಹಾಸ್ಟೆಲ್‌ನಲ್ಲಿ ಗಲಾಟೆ ಜಾಸ್ತಿ ಇದ್ದಾಗ ನಾನು ಈಗ ಓದಲು ಹೋಗುವುದು ಅಲ್ಲಿಗೇ. ಅಲ್ಲಿಂದ ನಾಲ್ಕು ಹೆಜ್ಜೆಗೆ ಸಂತ ಅಲೋಶಿಯಸ್ ಚಾಪೆಲ್. ಒಳಗೆ ಗೋಡೆ, ಕಮಾನು, ಮಾಡು ಎಲ್ಲ ಚಿತ್ರ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರಲ್ಲಿ ಬಿಡಿಸಲು ಶುರು ಮಾಡಿದ್ದಂತೆ. ಕತ್ತು ನೋಯುವವರೆಗೆ ಮೇಲೆ ನೋಡಿದೆ. ಆ ಎತ್ತರದಲ್ಲಿ ಈ ಊರಿನ ಸೆಖೆಯಲ್ಲಿ ಅವರು ಹೇಗೆ ಕೂತು ಬಿಡಿಸಿದರೋ!

ಕೆಳಗೆ ಇಳಿದು ಪುರಭವನ ನೋಡಿದೆವು. ಅದರ ಮೇಲೆ ಕುದ್ಮುಲ್ ರಂಗರಾವ್ ಅಂತ ಹೆಸರಿದೆ. ಯಾರು ಅಂತ ಕೇಳಿದೆ. 1897ರಲ್ಲೇ ಈ ಊರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ದಲಿತರ ಮಕ್ಕಳಿಗೆ ಶಾಲೆ ನಡೆಸಿದವರು ಅಂತ ಅಕ್ಕ ಹೇಳಿದರು. ನಮ್ಮ ಪಾಠದಲ್ಲಿ ಈ ಹೆಸರು ನಾನು ಓದಿದ ನೆನಪಿಲ್ಲ. ಓದಬೇಕಿತ್ತು.

ಬಲ್ಮಠದ ದಾರಿಯಲ್ಲಿ ಇನ್ನೊಂದು ವಿಷಯ ತಿಳಿಯಿತು. ಇದನ್ನು ಪತ್ರಿಕೆಗೆ ಬರೆಯುವಾಗ ಹೇಳಲೇಬೇಕು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಬಾಸೆಲ್ ಮಿಷನ್ ಪ್ರೆಸ್ಸಿನಿಂದ. ಕಲ್ಲಚ್ಚಿನಲ್ಲಿ ಛಾಪಿಸಿ, ಹರ್ಮನ್ ಮೋಗ್ಲಿಂಗ್ ಹೊರತಂದದ್ದು. ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. ಈ ಊರಿನಲ್ಲಿ ಮನೆಮನೆಗೆ ಬೇರೆ ಭಾಷೆ. ನಮ್ಮ ಬೆಂಚಿನಲ್ಲೇ ತುಳು, ಕೊಂಕಣಿ, ಬ್ಯಾರಿ ಆಡುವವರಿದ್ದಾರೆ. ಊರನ್ನು ಒಬ್ಬಳು ಕುಡ್ಲ ಅಂದರೆ ಇನ್ನೊಬ್ಬಳು ಕೊಡಿಯಾಲ ಅನ್ನುತ್ತಾಳೆ, ಮತ್ತೊಬ್ಬಳಿಗೆ ಮೈಕಾಲ. ಆದರೆ ಮೂವರೂ ನನ್ನ ಜತೆ ಮಾತಾಡುವಾಗ ಕನ್ನಡಕ್ಕೆ ಬರುತ್ತಾರೆ. ನನ್ನ "ಹೌದ್ರಿ", "ಇಲ್ರಿ" ಅವರಿಗೂ ಅಂಟಿದೆ.

ತಿಂಡಿ ಬಗ್ಗೆ ಬರೆಯಲು ಹೋದರೆ ಜಾಗ ಸಾಲದು. ಗೋಳಿಬಜೆ, ಬನ್ಸು, ನೀರುದೋಸೆ ಎಲ್ಲ ಆ ದಿನವೇ ರುಚಿ ನೋಡಿದೆ. ಕುಚ್ಚಲಕ್ಕಿ ಅನ್ನ ಮಾತ್ರ ನನಗೆ ಒಗ್ಗಲು ಎರಡು ತಿಂಗಳು ಬೇಕಾಯಿತು. ಅವ್ವ ಕಳಿಸಿದ ಖಡಕ್ ರೊಟ್ಟಿಗೆ ಈ ಮಳೆಯಲ್ಲಿ ನಾಲ್ಕೇ ದಿನದಲ್ಲಿ ಬೂಷ್ಟು ಬಂತು. ಡಬ್ಬಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿ ಇಡಬೇಕು ಅಂತಲೂ ಅಕ್ಕನೇ ಹೇಳಿಕೊಟ್ಟರು.

ಕಡಲು ನೋಡುವ ಆಸೆ ನನಗೆ ಎಲ್ಲಕ್ಕಿಂತ ಜಾಸ್ತಿ ಇತ್ತು. ಅಕ್ಕ ಪಣಂಬೂರಿಗೆ ಕರೆದುಕೊಂಡು ಹೋದರು, ಆದರೆ ನೀರಿನಿಂದ ಬಹಳ ದೂರ ನಿಲ್ಲಿಸಿದರು. ನನ್ನ ಮಣಿಕಟ್ಟು ಬಿಡಲೇ ಇಲ್ಲ. ಒಂದು ಅಲೆ ಬಂದು ಹಿಂದೆ ಹೋಗುವಾಗ ಕಾಲಡಿಯ ಮರಳು ಹೇಗೆ ಜಾರುತ್ತದೆ ಅಂತ ತೋರಿಸಿದರು. "ಮಳೆಗಾಲದ ಕಡಲು ನಂಬ್ಲಿಕ್ಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳೇ ಮೀನಿಗೆ ಹೋಗುವುದಿಲ್ಲ. ಅದರ ನಂತರವೂ ಅಲೆ ಪೂರ್ತಿ ಇಳಿಯುವವರೆಗೆ ಕಾಲು ಹಾಕಬೇಡ" ಅಂದರು. ನಾವು ಬಯಲುಸೀಮೆಯವರು ಕೆರೆ, ಹಳ್ಳ ಕಂಡವರು. ಕೆರೆಯ ನೀರು ನಿಂತಲ್ಲಿ ನಿಂತಿರುತ್ತದೆ. ಕಡಲಿನ ನೀರು ಎಳೆದುಕೊಂಡು ಹೋಗುತ್ತದೆ ಅಂತ ನಮ್ಮ ಮೈಗೆ ಗೊತ್ತಿಲ್ಲ. ಬೇರೆ ಊರಿಂದ ಬಂದ ಮಕ್ಕಳು ನೀರುಪಾಲಾದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಬರುತ್ತದೆ. ಓದುವಾಗ ಹೊಟ್ಟೆ ಕಲಸುತ್ತದೆ. ಬೋರ್ಡು ಹಾಕಿದರೆ ಸಾಲದು. ಹೀಗೆ ಕೈ ಹಿಡಿದು ದಡದಲ್ಲಿ ನಿಲ್ಲಿಸಿ ತೋರಿಸಬೇಕು. ಉಳಿದದ್ದೆಲ್ಲ ತಡವಾಗಿ ಗೊತ್ತಾದರೂ ನಡೆಯುತ್ತದೆ. ಇದು ಮೊದಲ ವಾರದಲ್ಲೇ ಗೊತ್ತಾಗಬೇಕು.

ಇಷ್ಟೆಲ್ಲಕ್ಕೆ ಖರ್ಚಾದದ್ದು ಬಸ್ಸಿನ ಟಿಕೆಟ್ಟು ಮತ್ತು ತಿಂಡಿಯ ದುಡ್ಡು. ಬೇಕಾದದ್ದು ಒಬ್ಬ ಅಕ್ಕ, ಒಂದು ದಿನ. ಹಾಗಿದ್ದರೆ ಇದನ್ನು ಎಲ್ಲ ಕಾಲೇಜುಗಳಲ್ಲೂ ಮಾಡಲು ಏನು ಅಡ್ಡಿ? ಓರಿಯಂಟೇಶನ್ನಿನ ಎರಡು ದಿನದಲ್ಲಿ ಅರ್ಧ ದಿನ ಕ್ಯಾಂಪಸ್ ಸುತ್ತಲು ಇಡಲಿ. ಲೈಬ್ರರಿ, ಶೌಚಾಲಯ, ಕುಡಿಯುವ ನೀರು, ಸ್ಕಾಲರ್‌ಶಿಪ್ ಕಿಟಕಿ, ನೋಟಿಸ್ ಬೋರ್ಡು, ಹಿಂದಿನ ಮೆಟ್ಟಿಲು ಇವೆಲ್ಲ ಕಾಲಿನಿಂದ ನಡೆದು ನೋಡಿದರೆ ಮರೆಯುವುದಿಲ್ಲ. ಮೊದಲ ಭಾನುವಾರ ಎರಡನೇ ವರ್ಷದ ಒಬ್ಬರಿಗೆ ಐದಾರು ಹೊಸಬರನ್ನು ಒಪ್ಪಿಸಲಿ. ಎನ್‌ಎಸ್‌ಎಸ್ ಘಟಕ ಎಷ್ಟೋ ಕಾಲೇಜುಗಳಲ್ಲಿ ಇದೆ, ಅವರು ಮನಸ್ಸು ಮಾಡಿದರೆ ಸಾಕು. ಹುಡುಗಿಯರ ಗುಂಪಿಗೆ ಒಬ್ಬರು ಮೇಡಂ ಜತೆಗಿದ್ದರೆ ಮನೆಯವರಿಗೂ ಧೈರ್ಯ. ಸೀನಿಯರ್‌ಗಳು ಅಂದರೆ ಹೆದರಿಕೊಂಡು ಬಂದವಳು ನಾನು. ನಮ್ಮ ಊರಿನಲ್ಲಿ ರ್‍ಯಾಗಿಂಗ್ ಕಥೆ ಹೇಳಿ ಕಳಿಸಿದ್ದರು. ಜತೆಗೆ ಕೂತು ಬನ್ಸು ತಿಂದ ಮೇಲೆ ಆ ಹೆದರಿಕೆ ಎಲ್ಲಿ ಉಳಿಯುತ್ತದೆ?

ಬಸ್ಸು ನಿಲ್ಲುವ ಜಾಗಗಳ ಬಗ್ಗೆಯೂ ಒಂದು ಮಾತು. ನಾನು ದಿನಾ ಓಡಾಡುವ ದಾರಿಯಲ್ಲಿ ಎಷ್ಟೋ ತಂಗುದಾಣಗಳ ಮೇಲೆ ಜಾಹೀರಾತು ದೊಡ್ಡದಾಗಿದೆ, ಜಾಗದ ಹೆಸರು ಇಲ್ಲ. ಮಳೆಯಲ್ಲಿ ಬಸ್ಸಿನ ಪರದೆ ಇಳಿಬಿಟ್ಟಿರುತ್ತಾರೆ, ಹೊರಗೆ ಏನೂ ಕಾಣುವುದಿಲ್ಲ. ಪಕ್ಕದವರನ್ನು ಕೇಳುವಷ್ಟರಲ್ಲಿ ಸ್ಟಾಪು ದಾಟಿರುತ್ತದೆ. ಪ್ರತಿ ತಂಗುದಾಣದ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದ ಹೆಸರು, ಅಲ್ಲಿ ನಿಲ್ಲುವ ಬಸ್ಸಿನ ನಂಬರು ಬರೆಸಿದರೆ ವಿದ್ಯಾರ್ಥಿಗಳಿಗೆ ಅಷ್ಟೇ ಅಲ್ಲ, ಆಸ್ಪತ್ರೆಗೆ ಅಂತ ದೂರದ ಊರುಗಳಿಂದ ಬರುವವರಿಗೂ ಎಷ್ಟು ಉಪಕಾರ! ನಮ್ಮ ಕಡೆಯಿಂದ, ಕೇರಳದ ಕಡೆಯಿಂದ ಚಿಕಿತ್ಸೆಗೆ ಎಷ್ಟು ಜನ ಇಲ್ಲಿಗೆ ಬರುತ್ತಾರೆ. ರೋಗಿಯ ಚೀಟಿ ಹಿಡಿದುಕೊಂಡು ಸ್ಟಾಪಿನಲ್ಲಿ ದಿಕ್ಕು ತೋಚದೆ ನಿಂತವರನ್ನು ನಾನೇ ನೋಡಿದ್ದೇನೆ. ಸಂಬಂಧಪಟ್ಟವರು ದಯವಿಟ್ಟು ಗಮನ ಕೊಡಬೇಕು.

ಪತ್ರಿಕೆಯವರಲ್ಲೂ ಒಂದು ಬೇಡಿಕೆ. ಅಡ್ಮಿಶನ್ ಶುರುವಾಗುವ ದಿನಗಳಲ್ಲಿ, ಸ್ಟೇಟ್ ಬ್ಯಾಂಕ್ ಅಂದರೆ ಯಾವ ಜಾಗ, ಜಂಕ್ಷನ್ ಮತ್ತು ಸೆಂಟ್ರಲ್ ಬೇರೆ ಬೇರೆ ಸ್ಟೇಷನ್, ಸರ್ಕಾರಿ ಬಸ್ಸು ಬಿಜೈಯಿಂದ ಹೊರಡುತ್ತದೆ, ಮಳೆ ರಜೆಯ ಸುದ್ದಿಯನ್ನು ಹೇಗೆ ಓದಬೇಕು, ಓಡೆಗ್ ಅಂದರೆ ಎಲ್ಲಿಗೆ, ಜಪ್ಪುಲೆ ಅಂದರೆ ಇಳಿಯಿರಿ, ದುಂಬು ಪೋಲೆ ಅಂದರೆ ಮುಂದೆ ಹೋಗಿ ಅಂತ ಒಂದು ಅರ್ಧ ಪುಟ ಹಾಕಿ. ನಮ್ಮ ಹಾಸ್ಟೆಲ್‌ನ ಗೋಡೆಗೆ ನಾನೇ ಕತ್ತರಿಸಿ ಅಂಟಿಸುತ್ತೇನೆ.

ದಸರಾ ಹೊತ್ತಿಗೆ ತಾಸೆಯ ಸದ್ದು ಕೇಳಿ ನಾವು ನಾಲ್ವರು ಹುಡುಗಿಯರು ಹುಲಿವೇಷದ ಹಿಂದೆ ಕುದ್ರೋಳಿವರೆಗೆ ನಡೆದೆವು. ದಾರಿ ಹೇಳುತ್ತಾ ಮುಂದೆ ಹೋದವಳು ನಾನು. ಹಾವೇರಿಯ ಹುಡುಗಿ ನನ್ನ ದುಪಟ್ಟಾ ಹಿಡಿದುಕೊಂಡೇ ಬಂದಳು. ಅಂದೇ ನಾವು ಮಾತಾಡಿಕೊಂಡೆವು. ಮುಂದಿನ ವರ್ಷ ನಾವು ಎರಡನೇ ವರ್ಷದವರು. ಕಾಲೇಜಿನವರು ಮಾಡಲಿ, ಬಿಡಲಿ, ಕ್ಲಾಸು ಶುರುವಾದ ಮೊದಲ ಭಾನುವಾರ ಬೆಳಿಗ್ಗೆ 8 ಗಂಟೆಗೆ ನಾವು ನಾಲ್ವರೂ ಕಾಲೇಜಿನ ಗೇಟಿನ ಹತ್ತಿರ ನಿಂತಿರುತ್ತೇವೆ. ಹೊಸಬರು ಯಾರೇ ಬಂದರೂ ಕರೆದುಕೊಂಡು ಹೋಗುತ್ತೇವೆ. ಮೊದಲು ಹಿಂದಿನ ಮೆಟ್ಟಿಲು, ಲೈಬ್ರರಿ, ಹಂಚು. ಆಮೇಲೆ ಸ್ಟೇಟ್ ಬ್ಯಾಂಕು. ಬರುವಾಗ ಕೊಡೆ ತನ್ನಿ, ಚಿಲ್ಲರೆ ಇಟ್ಟುಕೊಳ್ಳಿ.

– ಪ್ರಥಮ ಬಿ.ಕಾಂ. ವಿದ್ಯಾರ್ಥಿನಿ, ಮಂಗಳೂರು